ಭೀಮೆಯ ತಳದ ನಕ್ಷೆ

ಕಳೆದ ತಿಂಗಳು ಜೇವರ್ಗಿಯಿಂದ ಕಲಬುರಗಿಗೆ ಹೊರಟಿದ್ದ ನಮ್ಮ ಬಸ್ಸು ಭೀಮಾ ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಒಂದು ಟಿಪ್ಪರ್ ಕೆಟ್ಟು ನಿಂತಿತ್ತು. ಅದರ ಹಿಂಬಾಗಿಲ ಸಂದಿಯಿಂದ ನೀರು ಸೋರುತ್ತಿತ್ತು. ಆಗತಾನೇ ಹೊಳೆಯಿಂದ ಎತ್ತಿದ ಉಸುಕು. ಬಿಸಿಲಿಗೆ ಅದರ ವಾಸನೆ ಕಿಟಕಿಯೊಳಗೆ ಬಂತು: ತಳದ ಕೆಸರು, ಕೊಳೆತ ಪಾಚಿ, ಅದರ ಮೇಲೆ ಡೀಸೆಲ್. ಪಕ್ಕದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನನಗೆ ಆ ವಾಸನೆ ಹೊಸದಲ್ಲ. ಅಫಜಲಪುರದ ಕಡೆ ಹೊಳೆದಂಡೆಯಲ್ಲಿ ಒಂದು ವರ್ಷ ಅದು ನನ್ನ ಬಟ್ಟೆಗೆ, ಕೂದಲಿಗೆ, ಬುತ್ತಿಯ ರೊಟ್ಟಿಗೆ ಹತ್ತಿಕೊಂಡಿತ್ತು. ಆ ವರ್ಷವನ್ನು ಮರೆತಿದ್ದೇನೆ ಅಂದುಕೊಂಡಿದ್ದೆ.

ನಾನು ಆಳಂದದವಳು. ನಮ್ಮಪ್ಪ ಅಲ್ಲಿಯ ದಲಾಲಿಯೊಬ್ಬರ ಅಡತ್ ಅಂಗಡಿಯಲ್ಲಿ ಜೀವನಪೂರ್ತಿ ತೊಗರಿ ತೂಗಿದರು. ನಾನು ಗಣಿ ಸರ್ವೆ ಕಲಿತೆ. ನೆಲ ಅಗೆಯುವುದು ನಮ್ಮ ಕೆಲಸವಲ್ಲ, ಅಗೆದಾದ ಮೇಲೆ ಎಷ್ಟು ಹೋಯಿತು, ಎಲ್ಲಿಂದ ಹೋಯಿತು, ಉಳಿದ ನೆಲ ನಿಲ್ಲುತ್ತದೋ ಕುಸಿಯುತ್ತದೋ ಎಂದು ಅಳೆದು ಹೇಳುವುದು. "ನಾ ಕಾಳ ತೂಗತೇನಿ, ನೀ ಕುಣಿ ತೂಗ್ತಿ" ಎಂದು ಅಪ್ಪ ನಗುತ್ತಿದ್ದರು. ಮೊದಲು ಆಳಂದದ ಸುತ್ತಿನ ಕರಿಕಲ್ಲಿನ ಕ್ವಾರಿಗಳಲ್ಲಿ ದುಡಿದೆ. ಆಗ ಒಂದು ಲೆಕ್ಕ ಬಗೆಹರಿಯದೆ ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನೆ ಹಾಕಿದ್ದೆ. ಪೋಲೆಂಡಿನಿಂದ ಒಬ್ಬ ಹಿರಿಯ ಸರ್ವೇಯರ್ ಉತ್ತರ ಬರೆದರು, ಚಿತ್ರ ಬಿಡಿಸಿ, ತಾಳ್ಮೆಯಿಂದ. ಕೊನೆಗೆ, ನಾವು ಬೇರೆ ಬೇರೆ ದೇಶದ ಗಣಿ ಸರ್ವೇಯರುಗಳು ತಿಂಗಳಿಗೊಮ್ಮೆ ವಿಡಿಯೋದಲ್ಲಿ ಕೂಡುತ್ತೇವೆ, ನೀವೂ ಬನ್ನಿ ಎಂದರು.

ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ಮನೆಯ ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಫೋನು ಹಿಡಿದು ಕೂಡುತ್ತಿದ್ದೆ. ಪೋಲೆಂಡಿನ ಹಿರಿಯರು ಕಲ್ಲಿದ್ದಲು ತೆಗೆದ ಮೇಲೆ ಊರಿಗೆ ಊರೇ ಗೇಣು ಗೇಣು ಇಳಿಯುವುದನ್ನು ಹೇಗೆ ಅಳೆಯುತ್ತೇವೆಂದು ಹೇಳುತ್ತಿದ್ದರು. ಚಿಲಿಯ ಒಬ್ಬ, ಮಂಗೋಲಿಯಾದ ಒಬ್ಬ, ದಕ್ಷಿಣ ಆಫ್ರಿಕಾದ ಇಬ್ಬರು. ನನ್ನ ಇಂಗ್ಲಿಷು ತೊದಲುತ್ತಿತ್ತು. ವಿಯೆಟ್ನಾಮಿನ ಲಾನ್ ಎಂಬವಳದ್ದೂ ಹಾಗೇ. ಅದಕ್ಕೇ ಏನೋ ನಮ್ಮಿಬ್ಬರಿಗೆ ಬೇಗ ಹೊಂದಿತು. ಅವಳು ಮೆಕಾಂಗ್ ನದಿಯ ಉಸುಕು ಅಳೆಯುವವಳು. ಕೆಳಗೆ ಅಂಗಳದಲ್ಲಿ ಅವ್ವ ಪಕ್ಕದ ಮನೆಯವರಿಗೆ ಹೇಳುವುದು ಕೇಳುತ್ತಿತ್ತು: "ನಮ್ಮ ಲೀಲಾ ಪರದೇಶದವರ ಸಂಗಟ ಮಾತಾಡಾಕತ್ತಾಳ, ಗದ್ದಲ ಮಾಡಬ್ಯಾಡ್ರೆವಾ." ನನಗೂ ಹೆಮ್ಮೆಯಿತ್ತು. ಜಗತ್ತಿನ ಯಾವ ಮೂಲೆಯದಾದರೂ ಕುಣಿ ಕುಣಿಯೇ, ಅದನ್ನು ಅಳೆಯುವವರೆಲ್ಲ ಒಂದೇ ಮನೆತನ ಅನ್ನಿಸುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕಲಬುರಗಿಯ ಒಂದು ಖಾಸಗಿ ಸರ್ವೆ ಕಂಪನಿಗೆ ಸೇರಿದೆ. ಅಫಜಲಪುರ ತಾಲೂಕಿನಲ್ಲಿ ಭೀಮೆಯ ಒಂದು ಭಾಗದಲ್ಲಿ ಉಸುಕು ತೆಗೆಯಲು ಒಬ್ಬ ಗುತ್ತಿಗೆದಾರನಿಗೆ ಪರವಾನಗಿ ಇತ್ತು. ಅವನು ಎಷ್ಟು ತೆಗೆದಿದ್ದಾನೆಂದು ಡ್ರೋನ್ ಹಾರಿಸಿ ಅಳೆದುಕೊಡುವುದು ನಮ್ಮ ಕೆಲಸ. ಊರಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಹೊಳೆಯಲ್ಲಿ ದೋಣಿ ಇದ್ದದ್ದು ಮಹಿಬೂಬ ಕಾಕಾ ಒಬ್ಬರ ಹತ್ತಿರ. ಐವತ್ತು ದಾಟಿದ ರೈತ. ದಂಡೆಯ ಮೇಲೆ ಹೊಲ, ಹೊಲದಾಚೆ ಊರಿನ ಖಬರಸ್ತಾನ, ಅದರಾಚೆ ನೀರು. ಮೊದಲ ದಿನವೇ ಅವರು ಕೇಳಿದರು:

"ಬಾಯಾರ, ನಿಮ್ಮ ಡ್ರೋನಿಗಿ ನೀರಾಗಿಂದು ಕಾಣಸ್ತದೇನ್ರಿ?"

"ಇಲ್ರಿ ಕಾಕಾ. ಮ್ಯಾಲಿಂದಷ್ಟೇ."

"ಹಂಗಾದ್ರ ಏನುಪಯೋಗ?" ಎಂದು ಎದ್ದು ಹೋದರು.

ಅವರ ಸಿಟ್ಟಿನ ಕಾರಣ ಅವರ ಹೆಂಡತಿ ಹಾಜರಾ ಚಾಚಿ ಹೇಳಿದಳು. ಕಾಕಾನ ತಮ್ಮ ರಜಾಕ್, ಹಿಂದಿನ ಬೇಸಗೆಯಲ್ಲಿ, ಎಮ್ಮೆಗಳ ಜೊತೆ ಹೊಳೆ ದಾಟುತ್ತಿದ್ದಾಗ ಮುಳುಗಿ ಸತ್ತಿದ್ದ. ಚಿಕ್ಕಂದಿನಿಂದ ದಾಟಿದ ಜಾಗ. ಮೊಳಕಾಲುಮಟ್ಟ ನೀರು. ಉಸುಕಿನವರು ಅಲ್ಲಿ ಯಾವಾಗಲೋ ಅಗೆದು ಹೋಗಿದ್ದರು. ನೀರು ಬಂದು ಕುಣಿ ಮುಚ್ಚಿತ್ತು. ಮೇಲೆ ನೋಡಿದರೆ ಎಲ್ಲ ಒಂದೇ ಸಮ. "ಪಾಂವ್ ರಖಾ, ಗಯಾ" ಎಂದಳು ಚಾಚಿ. ಹೆಜ್ಜೆ ಇಟ್ಟ, ಹೋದ. ಕಾಕಾನೇ ಮುಳುಗಿ ಹೆಣ ತೆಗೆದು, ಹೊಲದ ಅಂಚಿನ ಖಬರಸ್ತಾನದಲ್ಲಿ ಮಣ್ಣು ಮಾಡಿದ್ದರು.

ಕಂಪನಿಯ ಸಾಹೇಬರಿಗೆ ಫೋನು ಮಾಡಿದೆ. ನೀರಿನ ಕೆಳಗಿನದನ್ನು ಅಳೆಯದಿದ್ದರೆ ನಮ್ಮ ಲೆಕ್ಕ ಸುಳ್ಳಾಗುತ್ತದೆ, ಅರ್ಧಕ್ಕರ್ಧ ಕುಣಿ ಅಲ್ಲೇ ಇವೆ ಎಂದೆ. "ಒಣಗಿದ್ದಷ್ಟು ಅಳಿ. ಉಳಿದದ್ದಕ್ಕ 'ನೀರು ನಿಂತಿದೆ' ಅಂತ ಬರಿ. ನೀರಿನ ತೆಳಗಿಂದು ದೇವರಿಗಿ ಬಿಡು" ಎಂದರು.

ಆ ಶನಿವಾರದ ಸಭೆಯಲ್ಲಿ ಇದನ್ನೇ ಕೇಳಿದೆ. ದೊಡ್ಡ ಕಂಪನಿಗಳವರು ದೊಡ್ಡ ಯಂತ್ರಗಳ ಹೆಸರು ಹೇಳಿದರು. ಲಾನ್ ಮಾತ್ರ ತನ್ನ ಫೋನು ಎತ್ತಿ ಒಂದು ಸಣ್ಣ ಡಬ್ಬಿ ತೋರಿಸಿದಳು. ಮೀನುಗಾರರು ಮೀನು ಹುಡುಕಲು ನೀರಿಗೆ ಬಿಡುವ ಸಾಧನ. ಅದು ಶಬ್ದ ಕಳಿಸಿ ತಳದ ಆಳವನ್ನೂ ಹೇಳುತ್ತದೆ. ಅದನ್ನು ಬಿದಿರಿಗೆ ಕಟ್ಟಿ ದೋಣಿಯ ಪಕ್ಕಕ್ಕೆ ಇಳಿಬಿಡುವುದು, ಜಾಗ ಗುರುತಿಸುವ ಯಂತ್ರವನ್ನು ಅದೇ ಬಿದಿರಿನ ತುದಿಗೆ ಬಿಗಿಯುವುದು, ಆಗಾಗ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಯಂತ್ರ ನಿಜ ಹೇಳುತ್ತದೋ ಎಂದು ನೋಡುವುದು. ಆಮೇಲೆ ಹಲವು ದಿನ ಅವಳು ನನಗೊಬ್ಬಳಿಗೇ ಕೂತು ಕಲಿಸಿದಳು. ತನ್ನ ನದಿಯ ಕಡತ ಕೊಟ್ಟು ಮಾಡಿ ನೋಡು ಎಂದಳು. ತಪ್ಪಿದಾಗ ನಕ್ಕಳು. ಅಂಥ ಗುರು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಡಬ್ಬಿ ತರಿಸಿಕೊಂಡು ಕಾಕಾಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟಕ್ಕೇ ಕಾಣಸ್ತದಾ?"

"ವಿಯೆಟ್ನಾಂ ಅಂತ ಒಂದು ದೇಶದಾಗ ಮಾಡ್ಯಾರ್ರಿ. ಅಲ್ಲಿ ಒಬ್ಬಾಕಿ ಕಲಿಸ್ಯಾಳ."

"ಆಕಿ ಊರಾಗೂ ಮಂದಿ ಮುಣಗ್ಯಾರ?"

"ಹೂನ್ರಿ."

"ನಡ್ರಿ ಹಂಗಾದ್ರ" ಎಂದರು. "ದೋಣಿ ನಂದು. ಬಾಡಿಗಿ ಮಾತ ಎತ್ತಬ್ಯಾಡ್ರಿ."

ಆಗ ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಮುಂಜಾನೆ ಹೊಳೆಯ ಮೇಲೆ ಮಂಜು. ಎರಡೂ ದಂಡೆಗೆ ಬಾವುಟದ ಕೋಲು ನೆಟ್ಟು, ಕೂರಿಗೆ ಸಾಲು ಹೊಡೆದಂತೆ ಈ ದಂಡೆಯಿಂದ ಆ ದಂಡೆಗೆ, ಆ ದಂಡೆಯಿಂದ ಈ ದಂಡೆಗೆ ದೋಣಿ ಹೊಡೆದೆವು. ಕೈ ಮರಗಟ್ಟುತ್ತಿತ್ತು. ಕಾಕಾ ಹುಟ್ಟು ಹಾಕುತ್ತ ಯಂತ್ರದ ಪರದೆಯನ್ನೇ ನೋಡುತ್ತಿದ್ದರು. ಒಂದು ಮುಂಜಾನೆ ಪರದೆಯ ಗೆರೆ ಸಪಾಟಾಗಿ ಬರುತ್ತ ಬರುತ್ತ ಒಮ್ಮೆಲೇ ಕೆಳಗೆ ಬಿತ್ತು. ಎರಡಾಳು ಆಳ. ನಾನು ಹೇಳುವ ಮೊದಲೇ ಕಾಕಾ ಹುಟ್ಟು ನಿಲ್ಲಿಸಿದರು. ಕಲ್ಲು ಕಟ್ಟಿದ ಹಗ್ಗ ತಾವೇ ಇಳಿಬಿಟ್ಟರು. ಅದು ತಳ ಮುಟ್ಟಿದ ಮೇಲೂ ಬಹಳ ಹೊತ್ತು ಮೇಲೆಳೆಯಲಿಲ್ಲ.

"ಇಲ್ಲೇರಿ" ಎಂದರು. "ನಾ ಅವನ್ನ ತಗದದ್ದು ಇಲ್ಲೇ."

ಎಳ್ಳಮಾವಾಸ್ಯೆಯ ಹೊತ್ತಿಗೆ ಅಳತೆ ಮುಗಿಯಿತು. ಅಂದು ಅವ್ವ ಕಟ್ಟಿಕೊಟ್ಟ ಭಜ್ಜಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಹೊತ್ತು ಆಳಂದದಿಂದ ಮೊದಲ ಬಸ್ಸಿಗೆ ಬಂದೆ. ಕಾಕಾನ ಹೊಲದಲ್ಲೇ ಚಾಪೆ ಹಾಸಿದರು. ಊಟವಾದ ಮೇಲೆ ನಕ್ಷೆ ಬಿಚ್ಚಿದೆ. ಕುಣಿಗಳಿಗೆ ಕೆಂಪು, ಉಸುಕು ಇನ್ನೂ ಉಳಿದು ತಳ ಗಟ್ಟಿಯಿರುವಲ್ಲಿ ಹಳದಿ. ಓದು ಬಾರದವರಿಗೂ ತಿಳಿಯಲೆಂದು ಒಂದೂ ಅಂಕಿ ಹಾಕಿರಲಿಲ್ಲ. ಕೆಂಪಿಗೆ ಹೋಗಬೇಡಿ, ಹಳದಿಯಲ್ಲಿ ದಾಟಿ. ಹಾಜರಾ ಚಾಚಿ ಬೆರಳಿಟ್ಟು ದಾರಿ ಹಿಡಿದಳು, "ಹಿಂಗ ಹೋಗಿ, ಹಿಂಗ ಹೊಳ್ಳಿ, ಹಿಂಗ." ದರ್ಗಾದ ಗೋಡೆಗೆ, ಮಠದ ಕಟ್ಟೆಗೆ, ಶಾಲೆಯ ಬಾಗಿಲಿಗೆ ಒಂದೊಂದು ಪ್ರತಿ ಅಂಟಿಸಿದೆವು. ಆ ಚಳಿಗಾಲದಲ್ಲಿ ಹೆಂಗಸರು ಬಟ್ಟೆ ಒಗೆಯುವ ಜಾಗ ಬದಲಿಸಿದರು. ದನ ದಾಟಿಸುವವರು ದಾರಿ ಬದಲಿಸಿದರು. ಯಾರೂ ಸಾಯಲಿಲ್ಲ. ಇದನ್ನು ನಾನು ಇಲ್ಲಿ ಬರೆದಿಡಲೇಬೇಕು, ಏಕೆಂದರೆ ಆ ವರ್ಷದಲ್ಲಿ ನೆಟ್ಟಗಾದದ್ದು ಇದೊಂದೇ.

ಶನಿವಾರದ ಸಭೆಯಲ್ಲಿ ಅದೇ ನಕ್ಷೆ ತೋರಿಸಿದೆ. ಪೋಲೆಂಡಿನ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂಥದ್ದಕ್ಕೇ ನಾವು ಕೂಡುವುದು ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಲಾನ್ ಮಾತ್ರ ಚೆನ್ನಾಗಿದೆ ಎಂದಷ್ಟೇ ಹೇಳಿದಳು. ನಕ್ಷೆ, ವಿಧಾನ ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಗುಂಪಿನ ಪುಟದಲ್ಲಿ ಹಾಕಿದರು. ಕಂಪನಿಗೂ ಒಂದು ಪ್ರತಿ ಕಳಿಸಿದೆ. ನೀರಿನ ಕೆಳಗಿನ ಕುಣಿಗಳ ಲೆಕ್ಕವನ್ನು ಸಾಹೇಬರು ವರದಿಯಲ್ಲಿ ಸೇರಿಸಲಿಲ್ಲ. ಕೇಳಿದರೆ "ನೋಡೋಣ" ಎಂದರು.

ತೊಗರಿ ರಾಶಿ ಮುಗಿದು ಬಿಸಿಲು ಏರತೊಡಗಿದಾಗ ಗುತ್ತಿಗೆದಾರನ ಪಂಪಿನ ದೋಣಿಗಳು ಬಂದವು. ಪರವಾನಗಿಯಲ್ಲಿ ಇಲ್ಲದ, ತಳಕ್ಕೆ ಪೈಪು ಬಿಟ್ಟು ಉಸುಕನ್ನು ನೀರಿನ ಸಮೇತ ಹೀರುವ ದೋಣಿಗಳು. ಹಿಂದೆಯೂ ಬರುತ್ತಿದ್ದವಂತೆ. ಆದರೆ ಆಗ ಅಲ್ಲಿಷ್ಟು ಇಲ್ಲಿಷ್ಟು ಪೈಪು ಇಳಿಸಿ, ಕೆಸರೇ ಬಂದರೆ ಬೈದು, ಮುಂದೆ ಹೋಗುತ್ತಿದ್ದರು. ಈ ಸಲ ಹುಡುಕಲೇ ಇಲ್ಲ. ನೆಟ್ಟಗೆ ಬಂದು ಕಾಕಾನ ಹೊಲದ ಕೆಳಗೆ, ಖಬರಸ್ತಾನದ ದಂಡೆಗೆ ಹತ್ತಿ ಲಂಗರು ಹಾಕಿದರು.

ಕಾಕಾ ನನ್ನನ್ನು ಕರೆಕಳಿಸಿದರು. ದಂಡೆಯಲ್ಲಿ ನಿಂತಿದ್ದರು. ದೋಣಿಯಲ್ಲೊಬ್ಬ ಯುವಕ ಪ್ಲಾಸ್ಟಿಕ್ ಹಾಕಿಸಿದ ಒಂದು ಹಾಳೆ ಹಿಡಿದು, ಪೈಪಿನವನಿಗೆ ಆ ಕಡೆ, ಈ ಕಡೆ ಎಂದು ಕೈ ಮಾಡುತ್ತಿದ್ದ. ಕೆಂಪು, ಹಳದಿ. ಅಷ್ಟು ದೂರದಿಂದಲೂ ಗುರುತು ಸಿಕ್ಕಿತು.

"ಅದು ನಿಮ್ಮದೇ ನಕ್ಷಾ ಹೌದಿಲ್ರಿ, ಬಾಯಾರ?"

ಅವರ ದನಿಯಲ್ಲಿ ಸಂಶಯ ಇರಲಿಲ್ಲ. ಬರೀ ಕೇಳುತ್ತಿದ್ದರು.

ಅಂದೇ ಕಲಬುರಗಿಗೆ ಹೋದೆ. ಸಾಹೇಬರು ಊಟ ಮುಗಿಸಿ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಗುತ್ತಿಗೆದಾರಗ ನಕ್ಷಾ ಯಾಕ ಕೊಟ್ರಿ ಸರ್?"

"ಯಾವ ನಕ್ಷಾ? ಅದಾ? ಕೇಳಿದ, ಕೊಟ್ಟೆ. ನಾಳೆ ಅವನ ಇನ್ನೊಂದು ಕೆಲಸ ನಮಗೇ ಬರೋದೈತಿ."

"ಅದು ಮಂದಿ ಸಾಯಬಾರದಂತ ಮಾಡಿದ್ದು. ಆ ದಂಡಿ ತೆಳಗ ಉಸುಕ ತಗದ್ರ ದಂಡಿ ನಿಲ್ಲಂಗಿಲ್ಲ. ಮ್ಯಾಲ ಖಬರಸ್ತಾನ ಐತಿ."

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಲೀಲಾ ಬಾಯಿ, ನೀನು ಇಡೀ ಜಗತ್ತಿಗಿ ಹಂಚಿ ಚಪ್ಪಾಳಿ ತಗೊಂಡೀದಿ. ನಾ ಒಬ್ಬಗ ಕೊಟ್ಟಿದ್ದು ತಪ್ಪೇನು? ನಾ ಕೊಡದಿದ್ರೂ ದರ್ಗಾದ ಗ್ವಾಡಿ ಮ್ಯಾಲ ಫೋಟೋ ಹೊಡ್ಕೋತಿದ್ದ."

ಆ ಮಾತು ಸುಳ್ಳಲ್ಲ. ಅದೇ ನನ್ನ ಸಿಟ್ಟು. ಕೆಲಸ ಬಿಟ್ಟೆ. ಕಾಕಾ ಮತ್ತು ನಾನು ಅರ್ಜಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗಿದೆವು. ದಂಡೆ ಹೇಗೆ ಕುಸಿಯುತ್ತದೆಂದು ಚಿತ್ರ ಬಿಡಿಸಿ ತೋರಿಸಿದೆ. ಒಬ್ಬರು ಅದು ತಮ್ಮ ಹದ್ದಿಗೆ ಬರುವುದಿಲ್ಲ ಎಂದರು. ಇನ್ನೊಬ್ಬರು, "ಇನ್ನೂ ಕುಸಿದಿಲ್ಲಲ್ರಿ, ಕುಸಿದ ಮ್ಯಾಲ ಬರ್ರಿ" ಎಂದರು. ದೋಣಿಗಳು ಎರಡು ದಿನ ಮಾಯವಾಗುತ್ತಿದ್ದವು, ಮೂರನೇ ದಿನ ಮತ್ತೆ ಅಲ್ಲೇ ಇರುತ್ತಿದ್ದವು.

ಆ ಮಳೆಗಾಲ ನಮ್ಮಲ್ಲಿ ದೊಡ್ಡ ಮಳೆಯೇನೂ ಆಗಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಹೊಡೆಯಿತು. ಅಲ್ಲಿಂದ ನೀರು ಬಿಟ್ಟರು. ಬಿಸಿಲಿರುವಾಗಲೇ, ಒಂದು ಮಧ್ಯಾಹ್ನ, ಭೀಮೆ ಕೆಂಪಾಗಿ ಏರಿತು. ಆಳಂದದಿಂದ ನಾನು ತಲುಪುವ ಹೊತ್ತಿಗೆ ಊರಿನವರೆಲ್ಲ ದೂರ ನಿಂತಿದ್ದರು. ದಂಡೆಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಆಮೇಲೆ ಸದ್ದೇ ಇಲ್ಲದೆ, ರೊಟ್ಟಿ ಮುರಿದಂತೆ, ದೊಡ್ಡ ದೊಡ್ಡ ಹೆಂಟೆಯಾಗಿ ನೀರಿಗೆ ಇಳಿಯತೊಡಗಿತು. ಮೊದಲು ಬೇಲಿ, ಆಮೇಲೆ ಬೇವಿನ ಮರ, ಆಮೇಲೆ ಹೊಳೆ ಕಡೆಯ ಗೋರಿಗಳ ಸಾಲು. ಹಸಿರು ಬಟ್ಟೆ ಹೊದಿಸಿದ ಒಂದು ಗೋರಿ ಸ್ವಲ್ಪ ಹೊತ್ತು ಅಂಚಿಗೆ ನಿಂತು ಹೋಯಿತು. ಹಾಜರಾ ಚಾಚಿ ಕಿರುಚಿದ್ದರಿಂದ ಅದು ರಜಾಕನದೆಂದು ತಿಳಿಯಿತು. ಹಿಂದೆಯೇ ಕಾಕಾನ ಹೊಲ ಅರ್ಧ.

ಕಾಕಾ ಅಳಲಿಲ್ಲ. "ಒಮ್ಮಿ ಒಯ್ದಿತ್ತು. ನಾ ಮುಣಗಿ ತಗದು ತಂದು ಮಣ್ಣ ಕೊಟ್ಟಿದ್ದೆ" ಎಂದರು. "ಮತ್ತ ಒಯ್ತು. ಈಗ ಎಲ್ಲಿ ಮುಣಗ್ಲಿ?"

ಸುತ್ತ ನಿಂತವರಲ್ಲಿ ಯಾರೂ ನನ್ನ ಕಡೆ ಬೆರಳು ಮಾಡಲಿಲ್ಲ. ಮಾಡಿದ್ದರೆ ಹಗುರಾಗುತ್ತಿತ್ತೇನೋ.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಇಂಗ್ಲಿಷು ತಪ್ಪುತ್ತಿದ್ದರೂ ನಿಲ್ಲಿಸಲಿಲ್ಲ. ಚೌಕ ಚೌಕದೊಳಗಿನ ಮುಖಗಳೆಲ್ಲ ತಗ್ಗಿದವು. ಪೋಲೆಂಡಿನ ಹಿರಿಯರು ಕ್ಷಮೆ ಕೇಳುವಂತೆ ಏನೋ ಅಂದರು. ಸಭೆ ಮುಗಿದ ಮೇಲೆ ಲಾನ್ ನನಗೊಬ್ಬಳಿಗೇ ಕರೆ ಮಾಡಿದಳು.

"ಲೀಲಾ, ನಮ್ಮಲ್ಲೂ ಹೀಗೇ ಆಯಿತು" ಎಂದಳು. "ನನ್ನ ನಕ್ಷೆ ಹಿಡಿದೇ ಬಂದರು. ನದಿ ದಂಡೆಯ ಒಂದು ಓಣಿಯ ಮನೆಗಳು ನೀರಿಗೆ ಹೋದವು."

"ಯಾವಾಗ?"

"ನಿನಗೆ ಕಲಿಸುವ ಮೊದಲು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಭಾಷೆ ತಪ್ಪಾಯಿತೇನೋ ಎಂದು ಮತ್ತೆ ಕೇಳಿದೆ. ಅವಳು ಅದನ್ನೇ ಹೇಳಿದಳು.

"ಮತ್ತೆ ಯಾಕೆ ಹೇಳಲಿಲ್ಲ?"

"ಅದನ್ನು ಹೇಳಿದರೆ ಯಾರು ನನ್ನನ್ನು ಸಭೆಗೆ ಕರೆಯುತ್ತಾರೆ?" ಎಂದಳು. "ಆ ಸಭೆಯಲ್ಲಿ ಯಾರಾದರೂ ತಮ್ಮ ಸೋಲು ಹೇಳಿದ್ದನ್ನು ನೀನು ಕೇಳಿದ್ದೀಯಾ? ನಿಮ್ಮ ದೇಶ ಬೇರೆ, ನಿಮ್ಮಲ್ಲಿ ಹಾಗಾಗಲಿಕ್ಕಿಲ್ಲ ಅಂದುಕೊಂಡೆ." ಅವಳು ಅಳುತ್ತಿದ್ದಳು. ನಾನು ಕರೆ ಕತ್ತರಿಸಿದೆ. ಅಷ್ಟು ಪ್ರೀತಿಯಿಂದ ಕಲಿಸಿದವಳು ಒಂದು ಮಾತು ನುಂಗಿಕೊಂಡಿದ್ದಳು. ಆ ಒಂದು ಮಾತೇ ನಮಗೆ ಬೇಕಾಗಿದ್ದದ್ದು.

ಆ ವರ್ಷದ ಕೊನೆಗೆ ಹೊರದೇಶದ ಒಂದು ಊರಲ್ಲಿ ಗುಂಪಿನ ದೊಡ್ಡ ಸಮ್ಮೇಳನ ಇತ್ತು. ಅಫಜಲಪುರದ ಅಳತೆಯ ಬಗ್ಗೆ ವಿಡಿಯೋದಲ್ಲೇ ಮಾತಾಡಿ ಎಂದು ವ್ಯವಸ್ಥೆಯವರು ಕೇಳಿದರು. ಖಬರಸ್ತಾನದಿಂದ ಶುರು ಮಾಡುತ್ತೇನೆ ಎಂದೆ. ಸಮಯ ಕಡಿಮೆ, ವಿಧಾನದ ಬಗ್ಗೆ ಮಾತ್ರ ಹೇಳಿದರೆ ಒಳ್ಳೆಯದು, ಉಳಿದದ್ದು ನಮ್ಮ ವಿಷಯವಲ್ಲ ಎಂದು ಬಹಳ ಮರ್ಯಾದೆಯಿಂದ ಬರೆದರು. ನಾನು ಒಲ್ಲೆ ಎಂದೆ. ಬೇರೊಬ್ಬರು ನನ್ನ ನಕ್ಷೆ ಇಟ್ಟುಕೊಂಡು ಮಾತಾಡಿದರು. ಆಮೇಲೆ ವಿಡಿಯೋ ನೋಡಿದೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಮ್ಮ ಭೀಮೆ. ಖಬರಸ್ತಾನದ ದಂಡೆ ಬಲಗಡೆ ಮೂಲೆಯಲ್ಲಿ, ಒಂದು ತೆಳು ಹಳದಿ ಅಂಚು. ಮಾತಾಡುವವರ ಕೈ ಅದರ ಮೇಲೆ ಹಾದು ಮುಂದೆ ಹೋಯಿತು. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ನಾನು ಹೊಳೆಯ ಸರ್ವೆ ಮಾಡಲಿಲ್ಲ. ಈಗ ಜೇವರ್ಗಿಯಲ್ಲಿ ಹೊಲಗಳ ಹದ್ದುಬಸ್ತಿನ ಅಳತೆ ಮಾಡುತ್ತೇನೆ, ಅಣ್ಣತಮ್ಮಂದಿರು ಪಾಲಾಗುವಾಗ. ಅವರು ಎದುರಿಗೇ ನಿಂತು ಬೈಯುತ್ತಾರೆ, ಅದೇ ವಾಸಿ. ಆದರೂ ವರ್ಷಕ್ಕೊಂದೆರಡು ಸಲ ಎಲ್ಲಿಂದಲೋ ಯಾರೋ ಬರೆಯುತ್ತಾರೆ. ಈಚೆಗೆ ಮೊಜಾಂಬಿಕ್‌ನಿಂದ ಒಬ್ಬ ಸರ್ವೇಯರ್ ಬರೆದ. ಅವನ ನದಿಯಲ್ಲಿ ಬಟ್ಟೆ ಒಗೆಯಲು ಹೋದ ಇಬ್ಬರು ಹೆಂಗಸರು ಉಸುಕಿನ ಕುಣಿಯಲ್ಲಿ ಮುಳುಗಿದ್ದಾರೆ, ನಿಮ್ಮ ವಿಧಾನ ಕಲಿಸುವಿರಾ ಎಂದು. ಲಾನ್ ಮಾಡಿದ್ದನ್ನು ನಾನು ಮಾಡಬಾರದೆಂದು ಎಲ್ಲವನ್ನೂ ಬರೆದೆ: ನಕ್ಷೆ, ದೋಣಿಗಳು, ಹಸಿರು ಬಟ್ಟೆಯ ಗೋರಿ. ಮರುದಿನವೇ ಉತ್ತರ ಬಂತು. ಓದಿ ಬಹಳ ದುಃಖವಾಯಿತು. ನಮ್ಮ ನದಿಯ ನೀರು ರಾಡಿ, ಅದರಲ್ಲಿ ಈ ಯಂತ್ರ ಕೆಲಸ ಮಾಡುತ್ತದೆಯೇ?

ಸೇತುವೆಯ ಮೇಲೆ ಆ ವಾಸನೆ ಹತ್ತಿದ ದಿನವೂ ಅವನಿಗೆ ಉತ್ತರ ಬರೆದಿರಲಿಲ್ಲ. ಆ ಭಾನುವಾರ ಅಫಜಲಪುರದ ಬಸ್ಸು ಹತ್ತಿದೆ.

ಕಾಕಾ ಮುಪ್ಪಾಗಿದ್ದಾರೆ. ಉಳಿದ ಅರ್ಧ ಹೊಲದಲ್ಲಿ ಮೇವು ಬೆಳೆದು ಎಮ್ಮೆ ಕಟ್ಟಿದ್ದಾರೆ. ಈಗ ಹೊಳೆ ಮನೆಗೆ ಇನ್ನಷ್ಟು ಹತ್ತಿರ ಬಂದಿದೆ. ಕಟ್ಟೆಯ ಮೇಲೆ ಕೂತು ಮೊಜಾಂಬಿಕ್‌ನವನ ವಿಷಯ ಹೇಳಿದೆ. ಕಲಿಸಲೋ ಬೇಡವೋ ತಿಳಿಯುತ್ತಿಲ್ಲ ಎಂದೆ.

"ಇಬ್ಬರು ಹೆಣ್ಮಕ್ಕಳು ಹೋಗ್ಯಾರೇನ್ರಿ?"

"ಹೂನ್ರಿ ಕಾಕಾ."

ಕಾಕಾ ಹೊಳೆಯ ಕಡೆ ತಿರುಗಿದರು. "ಕಲಿಸ್ರಿ, ಬೇಟಿ" ಎಂದರು. "ಕಲಿಸದಿದ್ರ ಮತ್ತ ಮಂದಿ ಮುಣಗತಾರ. ಆದ್ರ ಒಂದು ಬರೀರಿ. ಕುಣಿಗಿ ಕೆಂಪು ಹಚ್ಚಂತ ಹೇಳ್ರಿ, ಉಸುಕಿಗಿ ಹಳದಿ ಹಚ್ಚಬ್ಯಾಡ ಅನ್ರಿ. ನಾ ಭಾಳ ವಿಚಾರ ಮಾಡೇನಿ. ನಮ್ಮದರಾಗ ತಪ್ಪಾಗಿದ್ದು ಅದೊಂದೇ. ಆ ಹಳದಿ ಇಲ್ಲದಿದ್ರ ಆ ದೋಣ್ಯಾಗಿನ ಮಕ್ಕಳಿಗಿ ಗೊತ್ತಾಗ್ತಿರಲಿಲ್ಲ."

ಇಷ್ಟು ವರ್ಷ ಒಬ್ಬರೇ ಕೂತು ಇದನ್ನು ಹುಡುಕಿಕೊಂಡಿದ್ದರು. ಕುಣಿಗಳನ್ನಷ್ಟೇ ಕೆಂಪು ಮಾಡಿದರೂ ಬಿಳಿಯಾಗಿ ಉಳಿಯುವುದೆಲ್ಲ ಉಸುಕೇ. ಕಳ್ಳನಿಗೆ ಹಳದಿ ಬೇಕಿಲ್ಲ. ಅಪಾಯ ತೋರಿಸದೆ ಉಸುಕು ಮುಚ್ಚಿಡುವ ನಕ್ಷೆ ಮಾಡಬಹುದು, ಅಪಾಯ ತೋರಿಸಿ ಉಸುಕು ಮುಚ್ಚಿಡುವ ನಕ್ಷೆ ಯಾವ ದೇಶದ ಸರ್ವೇಯರನಿಂದಲೂ ಆಗುವುದಿಲ್ಲ. ಬಾಯಿವರೆಗೂ ಬಂದ ಮಾತು ಅವರ ಮುಖ ನೋಡಿ ಒಳಗೇ ಹೋಯಿತು.

"ಹೂನ್ರಿ ಕಾಕಾ" ಎಂದೆ. "ಹಳದಿ ಹಚ್ಚಬ್ಯಾಡಂತ ಬರೀತೇನಿ."

ಅವರ ಮುಖ ಸಡಿಲಾಯಿತು. ಗೋಡೆಗೆ ಬೆನ್ನು ಹಚ್ಚಿ, ಒಳಗಿದ್ದ ಹಾಜರಾ ಚಾಚಿಗೆ ಕೂಗಿ ಹೇಳಿದರು: "ಚಾ ಇಡ ಬೇ, ಹಾಲ ಜಾಸ್ತಿ ಹಾಕು."